ಬೆಳ್ಳುಳ್ಳಿ ಬಟ್ಟಲಿನ ತಳ

ಬೀದಿಯವರೆಲ್ಲ ಅವರನ್ನು ಕಟಿಂಗ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರಲ್ಲ ಅವರು. ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಮೇಜಿನ ಮುಂದೆ ನಿಂತು ನಿಂತೇ ತಲೆ ನರೆಸಿಕೊಂಡವರು. ಕೆಲಸ ಮುಗಿಸಿ ಕೊನೆಯ ಸಲ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಗೋಡೆ ಗಡಿಯಾರ ಮತ್ತು ಸಣ್ಣಗೆ ನಡುಗುವ ಬಲಗೈ. ಗಡಿಯಾರ ವರ್ಷದೊಳಗೆ ನಿಂತುಹೋಯಿತು. ನಡುಕ ನಿಲ್ಲಲಿಲ್ಲ.

ಆದರೆ ಭಾನುವಾರ ಬೆಳಿಗ್ಗೆ ಸಾಣೆಕಲ್ಲಿನ ಮುಂದೆ ಕೂತರೆ ಆ ಕೈ ಹೇಗೋ ಸುಮ್ಮನಾಗುತ್ತಿತ್ತು. ಮದುವೆಯಾದ ಹೊಸತರಿಂದ ನಡೆದು ಬಂದ ಪದ್ಧತಿ ಅದು. ಅಡುಗೆಮನೆಯ ಹಿಂದೆ, ಬಟ್ಟೆ ಒಣಹಾಕುವ ಜಾಗದಲ್ಲಿ, ಒಂದು ಸಿಮೆಂಟ್ ಕಟ್ಟೆ. ಮೇಷ್ಟ್ರು ಚೊಂಬಿನಲ್ಲಿ ನೀರು, ಕಲ್ಲು, ಕೊನೆಗೆ ಉಜ್ಜಿ ನಯ ಮಾಡಲು ಹಳೆಯ ಬೆಲ್ಟಿನ ತುಂಡು ಇಟ್ಟುಕೊಂಡು ಅಲ್ಲಿ ಕೂರುವರು. ಹೆಂಡತಿ ಮನೆಯ ಚಾಕುಗಳನ್ನು ತಂದು ಪಕ್ಕದಲ್ಲಿಟ್ಟು ಒಳಗೆ ಹೋಗುವಳು. ಅವರು ಮಸೆದು ಇಡುವರು. ಅವಳು ಬಂದು ಎತ್ತಿಕೊಂಡು ಹೋಗುವಳು. ನಡುವೆ ಮಾತಿಲ್ಲ ಕತೆಯಿಲ್ಲ. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಅನ್ನುವಂಥ ಮನುಷ್ಯ.

ಹೊಸ ಸೊಸೆಯಾಗಿ ಬಂದ ಕಾಲದಲ್ಲಿ ಅವಳೊಮ್ಮೆ ಕಟ್ಟೆಯ ತುದಿಗೆ ಕೂತು ಕೇಳಿದ್ದಳು. "ನಂಗೂ ಹೇಳ್ಕೊಡ್ರೀ." ಅವರು ತಲೆ ಎತ್ತದೆ, "ಕೈ ಕುಯ್ಕೋತೀಯ, ಹೋಗು," ಅಂದಿದ್ದರು. ಅವಳು ಎದ್ದು ಹೋದಳು. ಮಗ ಹುಟ್ಟಿದ, ಬೆಳೆದ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದ, ಅವನಿಗೆ ಮದುವೆಯಾಯಿತು, ಮಗಳಾದಳು. ಹೋದವಳು ಆ ಕಟ್ಟೆಯ ಮೇಲೆ ಮತ್ತೆ ಕೂತಿರಲಿಲ್ಲ. ಈಗ ಆ ಮನೆಗೆ ಅವಳೇ ಅತ್ತೆ.

ಸೊಸೆ ದೊಡ್ಡ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಬಹಳ ಕಾಲ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತು, ಸೋಪಿನ ನೀರಿಗೆ ಬೆರಳ ಸಂದುಗಳೆಲ್ಲ ಬಿರಿದು, ಈಚೆಗಷ್ಟೇ ತರಕಾರಿ ಹೆಚ್ಚುವ ಮೇಜಿಗೆ ಬಡ್ತಿ ಸಿಕ್ಕಿತ್ತು. ಬಿರುಕುಗಳು ಆಗತಾನೇ ಮಾಯುತ್ತಿದ್ದವು. ಅಷ್ಟರಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಮುಖ ಊದಿಸಿಕೊಂಡಿದ್ದಳು.

"ಇವತ್ತು ಮಾನ ಹೋಯ್ತು."

"ಏನಾಯ್ತೀಗ?" ಎಂದ ಗಂಡ.

"ಟೊಮೆಟೊ ಹೆಚ್ಚೋಕೆ ಹೋದ್ರೆ ಪಚಕ್ ಅಂತ ಹಿಸುಕಿ ಹೋಯ್ತು. ಹೊಸ ಅಡುಗೆಯಮ್ಮ ನನ್ನ ಚಾಕು ಎತ್ತಿ ಎಲ್ರಿಗೂ ತೋರಿಸಿ, 'ಇದರ ಮೇಲೆ ಮಗೂನ ಮಲಗಿಸಬಹುದು ನೋಡ್ರಮ್ಮಾ' ಅಂದ್ಲು."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಬಾಯಿ ಚುರುಕು ಅಂತ ಅವಳಿಗೆ ಮನೆಯಲ್ಲಿ ಪಟಾಕಿ ಎಂದು ಹೆಸರು.

"ಅದಕ್ಯಾಕೆ ಅಳ್ತೀಯ? ಅಪ್ಪ ಮಸೆದು ಕೊಡ್ತಾರೆ ಬಿಡು," ಎಂದ ಗಂಡ.

"ಹಾಗಾಗಲ್ಲ. ಅವರವರ ಚಾಕು ಅವರವರೇ ಮಸ್ಕೋಬೇಕಂತೆ. ತಿಂಗಳು ಕಳೆದ ಮೇಲೆ ಒಬ್ಬೊಬ್ಬರದೇ ನೋಡ್ತಾಳಂತೆ. ಸರಿ ಇಲ್ದಿದ್ರೆ ವಾಪಸ್ ಪಾತ್ರೆ ತೊಟ್ಟಿಗೆ." ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡು ಅವಳು ಮಾವನ ಕಡೆ ತಿರುಗಿದಳು. "ಮಾವ, ನಂಗೆ ಕಲಿಸ್ತೀರಾ?"

ಅತ್ತೆ ಸೌಟು ಹಿಡಿದು ಬಡಿಸುತ್ತಿದ್ದವಳು. ಉತ್ತರ ಅವಳಿಗೆ ಗೊತ್ತೇ ಇತ್ತು. ಆ ಉತ್ತರದ ಜೊತೆ ಒಂದು ಜೀವಮಾನ ಸಂಸಾರ ಮಾಡಿದ್ದಳು. ಪಾಪ ಹುಡುಗಿ ಅಂತ ಮನಸ್ಸಿನಲ್ಲೇ ಕನಿಕರಪಡಲು ಆಗಲೇ ಅಣಿಯಾಗಿದ್ದಳು.

ಮೇಷ್ಟ್ರು ತುತ್ತು ನುಂಗಿ, ನೀರು ಕುಡಿದು, "ಬೆಳಿಗ್ಗೆ ಬೇಗ ಏಳು," ಅಂದರು.

ಸೌಟು ಅಲ್ಲೇ ನಿಂತಿತು. ಬೇಳೆ ತಟ್ಟೆ ದಾಟಿ ಮಗನ ಮೊಣಕಾಲಿನ ಮೇಲೆ ಬಿತ್ತು.

"ಅಮ್ಮಾ, ಸುಡ್ತು!"

"ಸುಡ್ಲಿ ಬಿಡು," ಎಂದಳು ಅತ್ತೆ. ಯಾರಿಗೆ ಅಂದಳೋ ಯಾರಿಗೂ ತಿಳಿಯಲಿಲ್ಲ.

ಮಾರನೆಯ ದಿನದಿಂದ ಕೆಲಸಕ್ಕೆ ಹೋಗುವ ಮುಂಚೆ ಸೊಸೆಗೆ ಕಟ್ಟೆಯ ಮೇಲೆ ಪಾಠ. ಅಡುಗೆಮನೆಯ ಕಿಟಕಿ ಅತ್ತ ಕಡೆಗೇ ಇತ್ತು. ಆದರೆ ಮಬ್ಬು ಗಾಜಿನದು, ಎತ್ತರದ್ದು. ಒಳಗಿದ್ದವರಿಗೆ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅತ್ತೆ ಅಕ್ಕಿ ತೊಳೆಯುತ್ತ, ಒಂದೇ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತ, ಕಿವಿಯನ್ನು ಕಿಟಕಿಗೆ ಕೊಟ್ಟು ನಿಲ್ಲುವಳು.

"ಮೊದಲು ಕಲ್ಲು ನೀರು ಕುಡೀಲಿ. ಗುಳ್ಳೆ ನಿಂತ ಮೇಲೆ ತೆಗಿ. ಹಾಂ. ಹಿಡಿ ಬಿಗಿ ಮಾಡ್ಬೇಡಮ್ಮ, ಹಸುಗೂಸಿನ ಕೈ ಹಿಡಿದ ಹಾಗಿರ್ಲಿ. ಅಲಗಿನ ಬೆನ್ನು ಸ್ವಲ್ಪ ಎತ್ತು. ಅಷ್ಟು ಬೇಡ. ಎರಡು ಬೆಂಕಿಕಡ್ಡಿ ಸಂದೀಲಿ ತೂರಬೇಕು, ಅಷ್ಟೇ."

"ಹೀಗಾ ಮಾವ?"

"ಹಾಗೇ. ಈಗ ಸದ್ದು ಕೇಳು. ಕಿರ್ ಅಂದ್ರೆ ತಪ್ಪು, ಸರ್ ಅಂದ್ರೆ ಸರಿ. ಈಚೆ ಬದಿ ಉಜ್ಜಿದ್ರೆ ಆಚೆ ಬದೀಲಿ ಸಣ್ಣಗೆ ತರಿ ಏಳುತ್ತೆ. ಹೆಬ್ಬೆರಳಲ್ಲಿ ಸವರಿ ನೋಡು. ಬಂತಾ?"

"ಬಂತು! ಬಂತು ಮಾವ, ಚುಚ್ತಿದೆ."

"ಭೇಷ್!"

ಅತ್ತೆ ಅಕ್ಕಿಯ ನೀರನ್ನು ದಬಕ್ಕನೆ ಚೆಲ್ಲಿದಳು. ಭೇಷ್! ಆ ಮಾತು ಆ ಬಾಯಲ್ಲಿ ಇತ್ತೇ? ಎಲ್ಲಿ ಇಟ್ಟಿದ್ದರು ಇಷ್ಟು ದಿನ? ಮಗನನ್ನು ಹೆತ್ತಾಗ ಬರದ ಭೇಷ್, ಇವರ ಕಾಯಿಲೆಯಲ್ಲಿ ನಿದ್ದೆಗೆಟ್ಟು ಕೂತಾಗ ಬರದ ಭೇಷ್, ಒಂದು ಚೂರು ಕಬ್ಬಿಣ ಉಜ್ಜಿದ್ದಕ್ಕೆ ಬಂತಲ್ಲ.

ಅವಳು ಚಹಾ ಮಾಡಿ ಹೊರಗೆ ಒಯ್ದಳು. ಒಂದೇ ಲೋಟ. ಮೇಷ್ಟ್ರ ಪಕ್ಕದಲ್ಲಿ ಟಕ್ಕೆಂದು ಇಟ್ಟಳು.

"ಅಮ್ಮಂಗೆ?" ಎಂದಳು ಪಟಾಕಿ, ಹಲ್ಲುಜ್ಜುತ್ತ ನಿಂತಿದ್ದವಳು.

"ನಿಮ್ಮಮ್ಮಂಗೆ ಕಲ್ಲಿನ ನೀರಿದೆಯಲ್ಲ."

ಸೊಸೆ ಕೇಳಿಸದವಳ ಹಾಗೆ ಮಸೆಯುತ್ತಲೇ ಇದ್ದಳು. ಮೇಷ್ಟ್ರಿಗಂತೂ ನಿಜವಾಗಿಯೂ ಕೇಳಿಸಿರಲಿಲ್ಲ. ಅವರ ಕಿವಿಯೆಲ್ಲ ಕಲ್ಲಿನ ಸದ್ದಿನಲ್ಲಿತ್ತು. ಅತ್ತೆಗೆ ಉರಿದದ್ದು ಅದಕ್ಕೇ.

ದಿನ ಕಳೆದಂತೆ ಮನೆಯಲ್ಲಿ ಸಣ್ಣಪುಟ್ಟದ್ದಕ್ಕೆಲ್ಲ ಕಿಡಿ ಹಾರತೊಡಗಿತು. "ಉಪ್ಪು ಕಮ್ಮಿ" ಎಂದರೆ, "ಸೊಸೆ ಕೈಲಿ ಹಾಕಿಸ್ಕೊಳ್ಳಿ, ಅವಳ ಕೈ ಈಗ ಪಳಗಿದೆ." ಸೊಸೆ ಬಟ್ಟೆ ಒಗೆಯಲು ತಡ ಮಾಡಿದರೆ, "ಬಿಡಮ್ಮ, ನೀನು ವಿದ್ಯೆ ಕಲೀತಿದ್ದೀಯ, ಅಡ್ಡಿ ಮಾಡಬಾರದು." ಒಂದು ಸಂಜೆ ಮಗನೇ ತಡೆಯಲಾರದೆ ಹೇಳಿದ.

"ಅಮ್ಮ, ಅವರಿಬ್ರು ಚಾಕು ಮಸೀತಾರೆ. ನೀನ್ಯಾಕೆ ಹಲ್ಲು ಮಸೀತೀಯ?"

"ನಂಗ್ಯಾಕೋ ಹೊಟ್ಟೆಕಿಚ್ಚು? ಮನೆ ಮುಂದೆ ಬೋರ್ಡು ಹಾಕ್ಸು. ಮಾವ ಸೊಸೆ ಸಾಣೆ ಅಂಗಡಿ ಅಂತ. ನಾನು ಬಾಗಿಲಲ್ಲಿ ಕೂತು ಗಿರಾಕಿ ಕರೀತೀನಿ."

"ಹೊಟ್ಟೆಕಿಚ್ಚು ಅಂತ ನಾನಂದ್ನಾ? ನೀನೇ ಅಂದೆ."

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಭಾನುವಾರ ಮಸೆದ ಚಾಕು ವಾರವಿಡೀ ಹರಿತವಾಗೇ ಇರುತ್ತದೆ, ತನ್ನ ಕೈಗುಣ ಅಂಥದ್ದು ಎಂದು ಮೇಷ್ಟ್ರು ನಂಬಿದ್ದರು. ಇರುತ್ತಿರಲಿಲ್ಲ. ಯಾವ ಚಾಕುವೂ ಇರುವುದಿಲ್ಲ, ದಿನವೂ ಒಂದು ಮನೆಯ ಅಡುಗೆ ಮಾಡಿದರೆ. ಹೊಸ ಸೊಸೆಯಾಗಿದ್ದ ಕಾಲದಲ್ಲಿ ಕಟ್ಟೆಯಿಂದ ಎದ್ದು ಬಂದ ಅತ್ತೆ ಅದೇ ವಾರದಲ್ಲಿ ಮೊಂಡಾದ ಚಾಕು ಹಿಡಿದು ಈರುಳ್ಳಿಯ ಜೊತೆ ಗುದ್ದಾಡಿ, ಅಳುತ್ತ, ಕೈಗೆ ಸಿಕ್ಕಿದ ಬೆಳ್ಳುಳ್ಳಿ ಬಟ್ಟಲನ್ನು ಬೋರಲು ಹಾಕಿದ್ದಳು. ಪಿಂಗಾಣಿ ಬಟ್ಟಲು. ಮೈಯೆಲ್ಲ ನುಣುಪು, ಆದರೆ ತಳದ ಬಳೆಯಂಥ ಅಂಚು ಮಾತ್ರ ಒರಟು. ಸಿಟ್ಟಿಗೆ ಅದರ ಮೇಲೆ ಚಾಕು ಎಳೆದಳು. ಮತ್ತೆ ಎಳೆದಳು. ಆಮೇಲೆ ಈರುಳ್ಳಿಯೊಳಗೆ ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಅಂದಿನಿಂದ ವಾರದ ನಡುವೆ, ಮನೆಯಲ್ಲಿ ಯಾರೂ ಇಲ್ಲದಾಗ, ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ಅವಳ ಸಾಣೆ ನಡೆಯುತ್ತಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ. ಹೇಳಿಕೊಟ್ಟವರಿಲ್ಲವಲ್ಲ, ಬಲಗಡೆಗೆ ಕೈ ಹೆಚ್ಚು ಬೀಳುತ್ತಿತ್ತು. ಭಾನುವಾರ ಮೇಷ್ಟ್ರು ಚಾಕುವನ್ನು ಬೆಳಕಿಗೆ ಹಿಡಿದು, "ಇದರ ಬಾಯಿ ಯಾವಾಗ್ಲೂ ಒಂದೇ ಕಡೆ ವಾಲುತ್ತೆ. ಉಕ್ಕೇ ಹಾಗೆ," ಎಂದು ಗೊಣಗುವರು. ಚಾಕು ಸವೆದು ಹೊಸದು ಬಂದರೂ ಅದೇ ಗೊಣಗು. ಅತ್ತೆ ಒಳಗೆ ಸುಮ್ಮನೆ ಕೇಳಿಸಿಕೊಳ್ಳುವಳು.

ಈಗ ಮನೆಯ ದೊಡ್ಡ ಚಾಕುವಿನ ಮೇಲೆಯೇ ಸೊಸೆಯ ಅಭ್ಯಾಸ ನಡೆದಿತ್ತು. ಅವಳು ಹರಿತ ಮಾಡಿಟ್ಟು ಕೆಲಸಕ್ಕೆ ಹೋದ ಮೇಲೆ ಅತ್ತೆ ಅದನ್ನು ಹಿಡಿದು ಬದನೆಕಾಯಿ ಹೆಚ್ಚಲು ಕೂತಳು. ಚಾಕು ಚೆನ್ನಾಗಿಯೇ ಹೋಗುತ್ತಿತ್ತು. ಆದರೆ ಪ್ರತಿ ಹೋಳಿಗೂ ಆ 'ಭೇಷ್' ಕೇಳಿಸುತ್ತಿತ್ತು. ಇನ್ನೊಬ್ಬರ ಹರಿತದಲ್ಲಿ ತನ್ನ ಒಲೆಯ ಅಡುಗೆ! ಅವಳು ಬೆಳ್ಳುಳ್ಳಿ ಸುರಿದು ಬಟ್ಟಲು ಬೋರಲು ಹಾಕಿದಳು. ಮೊಂಡೇನೂ ಆಗಿರಲಿಲ್ಲ, ಸುಮ್ಮನೆ ತನ್ನದು ಮಾಡಿಕೊಂಡಳು.

ಮರುದಿನ ಕಟ್ಟೆಯಿಂದ ಮೇಷ್ಟ್ರ ದನಿ ಬಂತು. "ಏನಮ್ಮ ಇದು? ನಿನ್ನೆ ಸರಿಯಾಗಿತ್ತು. ಒಂದೇ ಕಡೆ ಉಜ್ಜಿದ್ದೀಯ."

"ಇಲ್ಲ ಮಾವ. ಎರಡೂ ಕಡೆ ಸಮ ಉಜ್ಜಿದ್ದೆ."

"ನನ್ನ ಬೆರಳು ಸುಳ್ಳು ಹೇಳುತ್ತಾ? ಗಮನ ಎಲ್ಲಿಟ್ಟಿರ್ತೀಯ?"

ಒಳಗೆ ಅತ್ತೆಯ ಬಾಯಲ್ಲಿ ಸಕ್ಕರೆ ಕರಗಿದ ಹಾಗಾಯಿತು. ಆ ದಿನ ಸೊಸೆಗೂ ಒಂದು ಲೋಟ ಚಹಾ ಸಿಕ್ಕಿತು.

ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಅವಳು ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಮೇಷ್ಟ್ರು ಮೊಮ್ಮಗಳ ಕಪ್ಪು ಮಾರ್ಕರ್ ಪೆನ್ನು ತರಿಸಿ, ಚಾಕುವಿನ ಅಂಚಿಗೆ ಬಣ್ಣ ಬಳಿದು, ಎಲ್ಲಿ ಬಣ್ಣ ಹೋಗುತ್ತದೋ ಅಲ್ಲಿ ಕಲ್ಲು ತಾಗಿದೆ ಅಂತ ಸೊಸೆಗೆ ತೋರಿಸಿದರು. ಕಟ್ಟೆಯ ಮೇಲೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ಬಾಯಿ ಮತ್ತೆ ವಾಲಿರುತ್ತಿತ್ತು. ಕಡೆಗೊಂದು ದಿನ ಅವರ ತಾಳ್ಮೆಯೂ ಹರಿಯಿತು.

"ನಿನ್ನ ಕೈಗೆ ಇದು ಒಗ್ಗಲ್ಲಮ್ಮ. ಬಿಟ್ಬಿಡು."

ಸೊಸೆ ಚಾಕು ಇಟ್ಟು ಎದ್ದು ಬಂದಳು. ಅಡುಗೆಮನೆಯಲ್ಲಿ ಗೋಡೆಗೆ ಹಣೆ ಕೊಟ್ಟು ನಿಂತು ಅತ್ತಳು. "ಮತ್ತೆ ಆ ತೊಟ್ಟಿಗೇ ಹೋಗ್ಬೇಕು ಅತ್ತೆ. ಮತ್ತೆ ಆ ಸೋಪಿನ ನೀರು."

ಅತ್ತೆ ಅವಳ ಬೆನ್ನಿನ ಮೇಲೆ ಕೈ ಇಡಲು ಹೋದಳು. ಕೈ ಅರ್ಧ ದಾರಿಯಲ್ಲಿ ನಿಂತಿತು.

"ಅಮ್ಮ," ಎಂದಳು ಪಟಾಕಿ, "ಆ ಚಾಕು ನೀನಿಲ್ದಾಗ ತಾನೇ ಎದ್ದು ಹೋಗಿ ಮಸ್ಕೊಂಡು ಬರುತ್ತಾ?"

"ಸುಮ್ನಿರೇ, ಸ್ಕೂಲಿಗೆ ಹೊತ್ತಾಯ್ತು," ಎಂದು ಗದರಿದವಳು ಅತ್ತೆ.

ಸೊಸೆ ಅಳು ನಿಲ್ಲಿಸಿ ಮಗಳನ್ನೇ ಒಂದು ಕ್ಷಣ ನೋಡಿದಳು.

ಪರೀಕ್ಷೆಯ ಹಿಂದಿನ ದಿನ ಭಾನುವಾರ. ಸೊಸೆ ಮಾವನನ್ನು ಕಾಡಿ ಬೇಡಿ ಇನ್ನೊಂದು ಸಲ ಕಟ್ಟೆಗೆ ಕರೆತಂದಳು. ಈ ಸಲ ಮನೆಯ ಚಾಕು ಬೇಡವೆಂದು ಕ್ಯಾಂಟೀನಿನ ತನ್ನ ಚಾಕುವನ್ನೇ ಮಸೆದಳು. ಮೇಷ್ಟ್ರು ಹೆಬ್ಬೆರಳಿನಲ್ಲಿ ಸವರಿದರು. ಬಹಳ ಹೊತ್ತು ಸವರಿದರು.

"ಇದು ಚಾಕು ಅಂದ್ರೆ! ನಂಗೂ ಇಷ್ಟು ಬೇಗ ಬಂದಿರ್ಲಿಲ್ಲ. ಬಟ್ಟೆ ಸುತ್ತಿ ಇಟ್ಬಿಡು, ನಾಳೆವರೆಗೆ ಬಿಚ್ಚಬೇಡ."

ನಂಗೂ ಇಷ್ಟು ಬೇಗ ಬಂದಿರ್ಲಿಲ್ಲ. ಅತ್ತೆ ಕಿಟಕಿಯ ಕೆಳಗೆ ನಿಂತು ಆ ಮಾತನ್ನು ನುಂಗಿದಳು. ಇಳಿಯಲಿಲ್ಲ.

ಸಂಜೆ ಸೊಸೆ ಮಗಳನ್ನು ಕರೆದುಕೊಂಡು ಸಂತೆಗೆ ಹೋದಳು. ಮಗ ಡಿಪೋದಲ್ಲಿ. ಮೇಷ್ಟ್ರು ಬೀದಿಯ ತುದಿಯ ಬೆಂಚಿನ ಮೇಲೆ. ಅತ್ತೆ ಕಪಾಟಿನಿಂದ ಆ ಬಟ್ಟೆಯ ಸುರುಳಿ ತೆಗೆದು ಬಿಚ್ಚಿದಳು. ಮೊಂಡು ಮಾಡಬೇಕೆಂದರೆ ಬಚ್ಚಲ ಕಲ್ಲಿಗೆ ಒಂದು ಸಲ ಎಳೆದರೆ ಸಾಕಿತ್ತು. ಬಚ್ಚಲಿಗೆ ಹೋದಳು ಕೂಡ. ಕಲ್ಲಿನ ಮೇಲೆ ಅಲಗು ಇಟ್ಟಳು. ಎಳೆಯಲು ಕೈ ಬರಲಿಲ್ಲ. ಮೊಂಡು ಚಾಕು ಹಿಡಿದು ಅತ್ತವಳ ಕೈ ಅದು.

ಹಾಳು ಮಾಡಲೂ ಆಗಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ಅಡುಗೆಮನೆಗೆ ಬಂದು ಬೆಳ್ಳುಳ್ಳಿ ಸುರಿದಳು. ಕನ್ನಡಕ ಎಲ್ಲೋ ಇತ್ತು. ಹುಡುಕಲಿಲ್ಲ, ಈ ಕೆಲಸಕ್ಕೆ ಅವಳಿಗೆ ಕಣ್ಣು ಬೇಕಿರಲಿಲ್ಲ. ನಲ್ಲಿ ಬಿಟ್ಟಳು. ನಾಳೆ ಆ ಮೇಜಿನ ಮೇಲೆ ಏನು ಕೊಯ್ದರೂ ನನ್ನ ಹರಿತದಲ್ಲೇ ಕೊಯ್ಯಲಿ ಎಂದು ಎಳೆದಳು. ಬಟ್ಟೆ ಸುತ್ತಿ ಇದ್ದಲ್ಲೇ ಇಟ್ಟಳು.

ಸೋಮವಾರ ಅತ್ತೆಯ ಅನ್ನ ಹೊತ್ತಿತು. ಮೇಷ್ಟ್ರ ಮುಂದೆ ತಟ್ಟೆ ಇಟ್ಟು ಬಡಿಸುವುದನ್ನೇ ಮರೆತಳು. ವಾಲಿದ ಬಾಯಿಯ ಚಾಕು ಆ ಅಡುಗೆಯಮ್ಮನ ಕೈಗೆ ಸಿಕ್ಕರೆ ಏನಾದೀತು? ಹುಡುಗಿಯ ಬೆರಳು ಮತ್ತೆ ಬಿರಿದಾವು. ಬಿರಿಯಲಿ ಎಂದಿತು ಮನಸ್ಸಿನ ಒಂದು ಮೂಲೆ. ಆ ಮೂಲೆಯನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಸಂಜೆ ಸೊಸೆ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಎಂದಿನಂತೆ ತಟ್ಟೆಗಳನ್ನು ಇಟ್ಟಳು. ಎಲ್ಲರೂ ಕೂತ ಮೇಲೆ ಚೀಲದಿಂದ ಬಟ್ಟೆಯ ಸುರುಳಿ ತೆಗೆದು ಅನ್ನದ ಪಾತ್ರೆಯ ಪಕ್ಕದಲ್ಲಿ ಬಿಚ್ಚಿದಳು.

"ಏನಾಯ್ತೇ?" ಎಂದ ಗಂಡ.

"ಟೊಮೆಟೊದಲ್ಲಿ ಚಾಕು ನೀರಿಗೆ ಇಳಿದ ಹಾಗೆ ಇಳೀತು. ಮೇಜು ನಂದೇ ಅಂದ್ಲು ಅಡುಗೆಯಮ್ಮ."

"ಮತ್ತೆ ಮುಖ ಯಾಕೆ ಹೀಗೆ?"

"ನಿನ್ನೆ ಮಸೆದಾದ ಮೇಲೆ ಎರಡೂ ಕಡೆ ಪಟಾಕಿಯ ಮಾರ್ಕರ್ ಪೆನ್ನಲ್ಲಿ ಕಪ್ಪು ಗೆರೆ ಎಳೆದಿಟ್ಟಿದ್ದೆ ಮಾವ. ನೀವೇ ತೋರಿಸಿಕೊಟ್ಟ ಹಾಗೆ. ಇವತ್ತು ಬಿಚ್ಚಿದ್ರೆ ಎಡಗಡೆ ಗೆರೆ ಅರ್ಧಂಬರ್ಧ ಇದೆ. ಬಲಗಡೆ ಇಲ್ಲವೇ ಇಲ್ಲ. ಯಾರು ಮುಟ್ಟಿದ್ದು?"

ಮೇಷ್ಟ್ರು ಚಾಕು ಎತ್ತಿಕೊಂಡರು. ಹೆಬ್ಬೆರಳು ಅಲಗಿನ ಮೇಲೆ ಅಡ್ಡಲಾಗಿ ಹೋಯಿತು, ನಿಂತಿತು, ಮತ್ತೆ ಹೋಯಿತು. ಎಷ್ಟೋ ಭಾನುವಾರಗಳು ಆ ಬೆರಳಿಗೆ ನೆನಪಿದ್ದವು.

"ಇದು ಮನೆ ಚಾಕು ಅಲ್ಲ," ಎಂದರು ನಿಧಾನವಾಗಿ. "ಆದರೂ ಅದೇ ವಾಲು. ಉಕ್ಕಲ್ಲ ಹಾಗಾದ್ರೆ. ಕೈ."

ಪಟಾಕಿ ಅಜ್ಜಿಯ ಮುಖ ನೋಡಿ, ಅಡುಗೆಮನೆಯ ಕಡೆ ನೋಡಿ, ಅಲ್ಲಿ ಒಲೆಕಟ್ಟೆಯ ಮೇಲೆ ಚೆಲ್ಲಿಕೊಂಡಿದ್ದ ಬೆಳ್ಳುಳ್ಳಿ ನೋಡಿದಳು. "ಅಜ್ಜಿ, ಬೆಳ್ಳುಳ್ಳಿ ಯಾವಾಗ್ಲೂ ಬಟ್ಟಲ ಹೊರಗೇ ಯಾಕಿರುತ್ತೆ?"

ಮೇಷ್ಟ್ರು ಎದ್ದು ಹೋಗಿ ಬಟ್ಟಲನ್ನು ಬೋರಲು ಮಾಡಿದರು. ತಳದ ಅಂಚು ಸೀಸದಕಡ್ಡಿಯಲ್ಲಿ ತೀಡಿದಂತೆ ಕಪ್ಪಾಗಿ ಹೊಳೆಯುತ್ತಿತ್ತು. ಒಂದು ಕಡೆ ಸವೆದು ಹಳ್ಳ ಬಿದ್ದಿತ್ತು.

"ನೀವಾ ಅತ್ತೆ?" ಸೊಸೆಯ ದನಿ ಏರಿತು. "ತಿಂಗಳಿಡೀ ನಾನು ಬೈಸ್ಕೊಂಡಿದ್ದು ನಿಮ್ಮಿಂದಾನಾ? ನಾನು ಆ ಗೋಡೆಗೆ ಒರಗಿ ಅತ್ತಾಗ ನೀವು ಪಕ್ಕದಲ್ಲೇ ನಿಂತಿದ್ರಿ!"

"ನಿಂತಿದ್ದೆ."

"ನಾನು ನಿಮಗೇನು ಮಾಡಿದ್ದೆ?"

"ನೀನೇನೂ ಮಾಡಿಲ್ಲಮ್ಮ," ಎಂದಳು ಅತ್ತೆ. ಆಮೇಲೆ ಗಂಡನ ಕಡೆ ತಿರುಗಿದಳು. ತಿರುಗಿದ ಮೇಲೆ ನಿಲ್ಲಲಿಲ್ಲ. "ಅವಳು ಕೇಳಿದ್ರೆ ಬೆಳಿಗ್ಗೆ ಬೇಗ ಏಳು. ನಾನು ಕೇಳಿದ್ರೆ ಕೈ ಕುಯ್ಕೋತೀಯ ಹೋಗು. ಅವಳಿಗೆ ಭೇಷು. ನಂಗೆ ಉಪ್ಪು ಕಮ್ಮಿ. ಆ ಕಟ್ಟೆ ಮೇಲೆ ಜಾಗ ಇರ್ಲಿಲ್ವಾ ನಂಗೆ? ನಾನೇನು ಅಷ್ಟು ದಪ್ಪ ಇದ್ನಾ?"

ಪಟಾಕಿಗೆ ನಗು ಬಂತು. ಅಪ್ಪ ಕಣ್ಣು ಬಿಟ್ಟ.

ಮೇಷ್ಟ್ರು ಬಟ್ಟಲು ಹಿಡಿದು ನಿಂತಿದ್ದರು. "ನೀನು ಯಾವಾಗ ಕೇಳಿದ್ದೆ?" ಎಂದರು.

ಬೇಕೆಂದು ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅತ್ತೆ ಅವರ ಮುಖವನ್ನು ದಿಟ್ಟಿಸಿ ನೋಡಿದಳು. ಅಲ್ಲಿ ಹುಡುಕಲು ಏನೂ ಇಲ್ಲವೆಂದು ತಿಳಿಯಿತು. ಇಷ್ಟು ವರ್ಷ ಆ ಮಾತನ್ನು ಅವಳೊಬ್ಬಳೇ ಹೊತ್ತಿದ್ದು.

"ಹಿತ್ತಲ ಗಿಡ ಮದ್ದಲ್ಲ ಬಿಡಿ," ಎಂದಳು. "ಊಟ ಮಾಡಿ, ಆರಿಹೋಗುತ್ತೆ."

ಆ ವಾರ ಸೊಸೆ ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ತನ್ನ ಚಾಕುವನ್ನು ಮನೆಯಲ್ಲಿ ಬಿಡುವುದನ್ನೇ ನಿಲ್ಲಿಸಿದಳು; ಚೀಲದಲ್ಲಿ ಹೋಗಿ ಚೀಲದಲ್ಲೇ ಬರುತ್ತಿತ್ತು, ರಾತ್ರಿ ಅವಳ ಕೋಣೆಯೊಳಗೆ. ಅತ್ತೆಗೆ ಅದು ಕಾಣುತ್ತಿತ್ತು. ಕ್ಷಮಿಸು ಎನ್ನುವ ಮಾತು ಆ ಮನೆಯಲ್ಲಿ ರೂಢಿಯಿರಲಿಲ್ಲ. ಅವಳು ಒಂದು ಡಬ್ಬಿ ಮುಲಾಮು ತರಿಸಿ, ಸೊಸೆಯ ಬೆರಳಿನ ಬಿರುಕಿಗೆಂದು ಅವಳ ದಿಂಬಿನ ಹತ್ತಿರ ಇಟ್ಟಳು. ಮುಲಾಮು ಖರ್ಚಾಯಿತು. ಮಾತು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕಿಟಕಿಯಾಚೆಯಿಂದ ದನಿ ಬಂತು. "ಏ ಇವಳೇ. ಬಾ ಇಲ್ಲಿ."

ಅತ್ತೆ ಚಾಕುಗಳನ್ನು ಒಯ್ದಿಟ್ಟು ತಿರುಗಿದಳು.

"ಹೋಗ್ಬೇಡ. ಕೂತ್ಕೋ." ಮೇಷ್ಟ್ರು ಕಟ್ಟೆಯ ಮೇಲೆ ಒಂದು ಮೊಳ ಸರಿದು ಕೂತಿದ್ದರು. ನೀರು ಕುಡಿದ ಕಲ್ಲನ್ನು ಅವಳ ಕಡೆಗೆ ತಳ್ಳಿದರು. "ತೋರಿಸ್ತೀನಿ."

ಅವಳು ಕಲ್ಲನ್ನು ನೋಡಿದಳು. ಒಳಗೆ ಹೋದಳು. ಮೇಷ್ಟ್ರ ಮುಖ ಬಾಡಿತು. ಅವಳು ಬಟ್ಟಲು ಹಿಡಿದು ಬಂದು, ಸರಿದು ಬಿಟ್ಟ ಜಾಗದಲ್ಲಿ ಕೂತು, ಅದನ್ನು ಮಂಡಿಯ ಮೇಲೆ ಬೋರಲು ಹಾಕಿ, ನಲ್ಲಿಯ ಮರೆಯಿಲ್ಲದೆ ಮೊದಲ ಸಲ ಮಸೆಯತೊಡಗಿದಳು. ಸದ್ದು ಇಷ್ಟು ದೊಡ್ಡದಿರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ತಡೆದರು. ಆಮೇಲೆ ತಡೆಯಲಾಗದೆ, "ಆ ಕಡೆ ಜಾಸ್ತಿ ಬೀಳ್ತಿದೆ," ಎಂದು ಕೈ ಚಾಚಿದರು.

"ಸುಮ್ನಿರಿ. ಕೈ ಕುಯ್ಕೋತೀರ."

ಅಷ್ಟರಲ್ಲಿ ಸೊಸೆ ಚಹಾ ತಂದಳು. ಒಂದೇ ಲೋಟ. ಮೇಷ್ಟ್ರ ಪಕ್ಕದಲ್ಲಿ ಟಕ್ಕೆಂದು ಇಟ್ಟಳು.

"ಅಜ್ಜಿಗೆ?" ಎಂದಳು ಪಟಾಕಿ.

"ನಿಮ್ಮಜ್ಜಿಗೆ ಕಲ್ಲಿನ ನೀರಿದೆಯಲ್ಲ," ಎಂದು ಸೊಸೆ ಸರ್ರನೆ ಒಳಗೆ ಹೋದಳು.

ಅತ್ತೆಯ ಕೈ ನಿಂತಿತು. ಮುಖಕ್ಕೆ ಬಿಸಿ ಏರಿತು. ಆ ಉರಿ ಎಲ್ಲಿಂದ ಏಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಅವಳು ಜೋರಾಗಿ ನಕ್ಕಳು. ನಗುತ್ತಲೇ ಲೋಟ ಎತ್ತಿಕೊಂಡು ಅರ್ಧ ಕುಡಿದು, ಉಳಿದರ್ಧ ಗಂಡನ ಕಡೆ ತಳ್ಳಿದಳು.

ಒಳಗೆ ಸೊಸೆ ತರಕಾರಿ ಹೆಚ್ಚಲು ಶುರು ಮಾಡಿರಬೇಕು. ಸದ್ದೇ ಇರಲಿಲ್ಲ. ಅತ್ತೆ ಕಿವಿಗೊಟ್ಟು ಕೇಳಿದಳು. ಅಷ್ಟು ಹರಿತ ತನ್ನ ಬಟ್ಟಲಿಗೆ ಎಂದಾದರೂ ಬಂದಿತ್ತೇ ಎಂದುಕೊಂಡು, ತುಟಿ ಬಿಗಿದು, ಚಾಕುವನ್ನು ಮತ್ತೆ ಬಟ್ಟಲಿನ ಮೇಲೆ ಇಟ್ಟಳು. ಈ ಸಲ ಎಡ ಮಗ್ಗುಲಿಗೆ.